ಫೋನಿನಲ್ಲಿ ಓರೆ ಸರಿ ಇದೆ, ಕಪಾಟು ಮಾತ್ರ ಕೂರುತ್ತಿಲ್ಲ: ಬೆವೆಲ್ ಗೇಜ್ ಹೇಗೆ ಬಳಸಬೇಕು?

ತೋಟದಮನೆ, ಶಿರಸಿ ಹತ್ತಿರ

ಎಲ್ಲರಿಗೂ ನಮಸ್ಕಾರ. ನಾನು ಬಡಗಿ ಅಲ್ಲ, ತೋಟ ನೋಡಿಕೊಂಡಿದ್ದೇನೆ. ಮಳೆಗಾಲದಲ್ಲಿ ಬಿಡುವಾದಾಗ ಮರದ ಕೆಲಸ ಮಾಡುತ್ತೇನೆ. ಸ್ಟೂಲು, ಶೆಲ್ಫು, ಪೆಟ್ಟಿಗೆ, ಇಷ್ಟರ ಮಟ್ಟಿಗೆ ಕೈ ಕೂತಿದೆ.

ಈಗ ಅಜ್ಜನ ಕಾಲದ ಮನೆಯ ಅಟ್ಟದಲ್ಲಿ ಒಂದು ಕಪಾಟು ಕೂರಿಸಲು ಹೊರಟಿದ್ದೇನೆ. ಜಂಬಿಟ್ಟಿಗೆ ಗೋಡೆ, ಹಂಚಿನ ಮಾಡು. ಮಾಡು ಇಳಿದು ಗೋಡೆಗೆ ಸೇರುವ ಕಡೆ ಎತ್ತರ ಒಂದು ಮೀಟರ್ ಚಿಲ್ಲರೆ, ಅಲ್ಲಿ ಜಾಗ ಸುಮ್ನೆ ಹಾಳಾಗುತ್ತಿದೆ. ಅಮ್ಮನ ತಾಮ್ರದ ಪಾತ್ರೆಗಳು, ಹೆಚ್ಚಿನ ಹಾಸಿಗೆ ಅಲ್ಲಿಟ್ಟರೆ ಕೆಳಗಿನ ಕೋಣೆ ಖಾಲಿಯಾಗುತ್ತದೆ.

ಕಪಾಟಿನ ಪಕ್ಕದ ಹಲಗೆಯ ಮೇಲಂಚನ್ನು ಮಾಡಿನ ಇಳಿಜಾರಿಗೆ ತಕ್ಕಂತೆ ಓರೆಯಾಗಿ ಕೊಯ್ಯಬೇಕು ಅಲ್ವಾ. ಫೋನಿನ ಆ್ಯಪ್ ತೆಗೆದು ಪಕ್ಕಾಸಿಗೆ (ಹಂಚು ಹೊರುವ ಇಳಿಜಾರಿನ ಮರದ ತೊಲೆಗೆ) ಹಿಡಿದೆ, 31 ಡಿಗ್ರಿ ಬಂತು. ನಾಲ್ಕು ಪಕ್ಕಾಸಿಗೆ ಹಿಡಿದು ನೋಡಿದೆ, ಎಲ್ಲದಕ್ಕೂ 31. ಆನ್‌ಲೈನಿನಲ್ಲಿ ತರಿಸಿದ ಒಂದು ಬೆವೆಲ್ ಗೇಜ್ ಇತ್ತು, ಹಿಡಿಗೆ ಸೇರಿಸಿದ ತಿರುಗುವ ಪಟ್ಟಿಯನ್ನು ಬೇಕಾದ ಓರೆಗೆ ನಟ್ಟಿನಲ್ಲಿ ಬಿಗಿ ಮಾಡುವ ಉಪಕರಣ. ಅದನ್ನು ಕೋನಮಾಪಕದ ಮೇಲಿಟ್ಟು 31ಕ್ಕೆ ಬಿಗಿ ಮಾಡಿ, ಹಲಗೆಯ ಮೇಲೆ ಗೆರೆ ಹಾಕಿ ಕೊಯ್ದೆ. ಹಲಗೆಯ ಆಳ 500 ಮಿ.ಮೀ.

ಹಿಂದಿನ ಅಂಚನ್ನು ಗೋಡೆಗೆ ಒತ್ತಿ ನಿಲ್ಲಿಸಿದರೆ ಮುಂದಿನ ತುದಿ ಪಕ್ಕಾಸಿಗೆ ಮುಟ್ಟುತ್ತದೆ. ಗೋಡೆಯ ಹತ್ತಿರ ಮಾತ್ರ 10 ಮಿ.ಮೀ. ಸಂದು ಉಳಿಯುತ್ತದೆ. ಎರಡನೇ ಹಲಗೆಗೂ ಅದೇ ಸಂದು. ಬುಡದಲ್ಲಿ ಮುಂದಿನ ಮೂಲೆ ನೆಲ ಬಿಟ್ಟು ಸ್ವಲ್ಪ ಎದ್ದಿದೆ, ಅದು ನೆಲ ಮಟ್ಟವಿಲ್ಲದ್ದಕ್ಕೆ ಅಂದುಕೊಂಡೆ.

ಹಲಗೆ ನಮ್ಮದೇ ಹಲಸಿನ ಮರದ್ದು, ಮೂರು ವರ್ಷ ನೆರಳಲ್ಲಿ ಒಣಗಿಸಿ, ಎರಡೆರಡು ಅಂಟಿಸಿ ಅಗಲ ಮಾಡಿದ್ದು. ಇನ್ನು ಹೆಚ್ಚಿನ ಹಲಗೆ ಇಲ್ಲ. ಗೇಜ್ ಸರಿ ಇಲ್ಲವೋ, ನಾನು ಬಳಸಿದ ರೀತಿ ಸರಿ ಇಲ್ಲವೋ? ದಯವಿಟ್ಟು ತಿಳಿದವರು ಹೇಳಿ.

ಬಾಲ್ಕನಿ ಬಡಗಿ, ಬೆಂಗಳೂರು

ಮೊದಲು ಗೇಜ್ ನೋಡಿಕೊಳ್ಳಿ. ಅಗ್ಗದ ಬೆವೆಲ್‌ಗಳಲ್ಲಿ ಚಿಟ್ಟೆ ನಟ್ ತಿರುಗಿಸುವಾಗ ಅದರ ಜೊತೆ ಪಟ್ಟಿಯೂ ಒಂದಿಷ್ಟು ತಿರುಗುತ್ತದೆ. ಕಣ್ಣಿಗೆ ಕಾಣುವುದಿಲ್ಲ. ನನ್ನ ಮೊದಲ ಗೇಜಿನಲ್ಲಿ ಇದೇ ಆಗುತ್ತಿತ್ತು, ಅದು ಗೊತ್ತಾಗಲಿಕ್ಕೆ ನನಗೆ ಎರಡು ತಿಂಗಳು ಹಿಡಿಯಿತು.

ನಾನೀಗ ಹೀಗೆ ಮಾಡುತ್ತೇನೆ. ನಟ್ಟನ್ನು ಅರ್ಧ ಬಿಗಿ ಮಾಡುತ್ತೇನೆ, ಅಂದರೆ ಪಟ್ಟಿ ತಾನಾಗಿ ಜಾರಬಾರದು, ಬೆರಳಲ್ಲಿ ತಟ್ಟಿದರೆ ಕದಲಬೇಕು. ಕೋನಕ್ಕೆ ತಟ್ಟಿ ತಟ್ಟಿ ಕೂರಿಸುತ್ತೇನೆ. ಆಮೇಲೆ ಪಟ್ಟಿಯನ್ನೂ ಹಿಡಿಯನ್ನೂ ಒಂದೇ ಕೈಯಲ್ಲಿ ಅವುಚಿ ಹಿಡಿದು ಪೂರ್ತಿ ಬಿಗಿ ಮಾಡುತ್ತೇನೆ. ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಮೂಲಕ್ಕೆ ಹಿಡಿದು ನೋಡುತ್ತೇನೆ. ಈ ಕೊನೆಯದನ್ನು ಬಿಡಲೇಬಾರದು.

ಪಟ್ಟಿ ನೇರ ಇದೆಯೋ ಅಂತ ನೋಡಲು: ಒಂದು ಹಲಗೆಗೆ ಹಿಡಿಯನ್ನು ಒತ್ತಿ ಪಟ್ಟಿಯ ಎರಡೂ ಅಂಚಿಗೆ ಗೆರೆ ಎಳೆಯಿರಿ. ಎರಡು ಗೆರೆಗಳ ನಡುವಿನ ಅಗಲ ಎರಡೂ ತುದಿಯಲ್ಲಿ ಒಂದೇ ಇರಬೇಕು. ಹೆಚ್ಚು ಕಡಿಮೆ ಬಂದರೆ ಒಂದೇ ಅಂಚನ್ನು ಬಳಸಿ, ಆ ಅಂಚಿಗೆ ಗುರುತು ಹಾಕಿಟ್ಟುಕೊಳ್ಳಿ.

ಉಳಿಬಾಚಿ, ಹಾಸನ

ತಮ್ಮಾ, ನಿನ್ನ ಪೋಸ್ಟ್ ಎರಡು ಸಲ ಓದಿದೆ. ಗೇಜ್ ಸರಿಯಾಗೇ ಇರಬಹುದು. ಫೋನೂ ಸುಳ್ಳು ಹೇಳಿಲ್ಲ. ನಿನ್ನ ಗೋಡೆ ಹೊರಕ್ಕೆ ವಾಲಿದೆ.

ಹೇಗೆ ಗೊತ್ತಾಯಿತು ಅಂತೀಯಾ? ನೀನೇ ಬರೆದಿದ್ದೀಯ. ಬುಡದ ಮುಂದಿನ ಮೂಲೆ ನೆಲ ಬಿಟ್ಟು ಎದ್ದಿದೆ, ಮೇಲೆ ಗೋಡೆಯ ಹತ್ತಿರ ಸಂದು ಬಿಟ್ಟಿದೆ. ಎರಡೂ ಒಟ್ಟಿಗೆ ಆಗಬೇಕಾದರೆ ಇಡೀ ಹಲಗೆಯೇ ಹಿಂದಕ್ಕೆ ಒರಗಿರಬೇಕು. ಹಲಗೆಯನ್ನು ಗೋಡೆಗೆ ಒತ್ತಿ ನಿಲ್ಲಿಸಿದ್ದು ನೀನು, ಹಾಗಾಗಿ ಒರಗಿರುವುದು ಗೋಡೆ. ಹಂಚಿನ ಮಾಡಿನ ಮನೆಗಳಲ್ಲಿ ಇದು ಹೊಸದಲ್ಲ. ಮಾಡಿನ ಭಾರ ಪಕ್ಕಾಸಿನ ಗುಂಟ ಇಳಿದು ಬಂದು ಗೋಡೆಯ ತಲೆಯನ್ನು ಹೊರಕ್ಕೆ ತಳ್ಳುತ್ತಲೇ ಇರುತ್ತದೆ.

ಫೋನು ತೋರಿಸಿದ 31 ಯಾವುದಕ್ಕೂ ಯಾವುದಕ್ಕೂ ನಡುವಿನ ಕೋನ ಹೇಳು? ಪಕ್ಕಾಸಿಗೂ ನೀರುಮಟ್ಟಕ್ಕೂ ನಡುವಿನದ್ದು. ನಿನ್ನ ಕಪಾಟು ನೀರುಮಟ್ಟವನ್ನು ಎಲ್ಲೂ ಮುಟ್ಟುವುದಿಲ್ಲ. ಅದು ಮುಟ್ಟುವುದು ಗೋಡೆಯನ್ನು, ಪಕ್ಕಾಸನ್ನು. ಹಾಗಾಗಿ ನಿನಗೆ ಬೇಕಿರುವುದು ಗೋಡೆಗೂ ಪಕ್ಕಾಸಿಗೂ ನಡುವಿನ ಕೋನ. ಅದು ಎಷ್ಟು ಡಿಗ್ರಿ ಅಂತ ತಿಳಿಯುವ ಅಗತ್ಯವೇ ಇಲ್ಲ.

ನಮ್ಮ ತಂದೆಯ ಬೆವೆಲ್ ಇನ್ನೂ ನನ್ನ ಹತ್ತಿರ ಇದೆ. ಬೀಟೆ ಮರದ ಹಿಡಿ, ಹಿತ್ತಾಳೆ ತಿರುಪು, ನಡುವೆ ಸೀಳು ಇರುವ ಉಕ್ಕಿನ ಪಟ್ಟಿ. ಹಿಡಿಯಲ್ಲಿ ಹೆಬ್ಬೆರಳು ಕೂರುವ ಜಾಗ ನುಣುಪಾಗಿ ಸವೆದು ಸ್ವಲ್ಪ ತಗ್ಗಾಗಿದೆ. ಅದರ ಮೇಲೆ ಒಂದೇ ಒಂದು ಅಂಕಿ ಇಲ್ಲ. ಅವರು ಹಿಡಿಯನ್ನು ಒಂದಕ್ಕೆ ಒತ್ತುತ್ತಿದ್ದರು, ಪಟ್ಟಿಯನ್ನು ಇನ್ನೊಂದಕ್ಕೆ ಮಲಗಿಸುತ್ತಿದ್ದರು. ನಾನು ಹಿಂದೆ ದೀಪ ಹಿಡಿದು ನಿಲ್ಲಬೇಕಿತ್ತು. ಪಟ್ಟಿಗೂ ಮರಕ್ಕೂ ನಡುವೆ ಬೆಳಕಿನ ಎಳೆ ಕಂಡರೆ ಉಗುರಲ್ಲಿ ತಟ್ಟುತ್ತಿದ್ದರು, ಮತ್ತೆ ನೋಡುತ್ತಿದ್ದರು. ಬೆಳಕು ಪೂರ್ತಿ ಮುಚ್ಚಿದ ಮೇಲೆ ತಿರುಪು ಬಿಗಿ. ಅಲ್ಲಿಂದ ಸೀದಾ ಹಲಗೆಗೆ. ನಡುವೆ ಯಾವ ಅಂಕಿಯೂ ಬರುತ್ತಿರಲಿಲ್ಲ.

ಬೆವೆಲ್ ಇರುವುದು ಓರೆಯನ್ನು ಅಳೆಯಲಿಕ್ಕಲ್ಲ, ಇದ್ದಲ್ಲಿಂದ ಎತ್ತಿಕೊಂಡು ಬೇಕಾದಲ್ಲಿ ಇಡಲಿಕ್ಕೆ. ನೀನು ಮಾಡಿದ್ದರಲ್ಲಿ ಓರೆ ಮೊದಲು ಫೋನಿಗೆ ಹೋಯಿತು, ಅಲ್ಲಿ ಅಂಕಿಯಾಯಿತು, ಅಂಕಿ ಕೋನಮಾಪಕಕ್ಕೆ ಹೋಯಿತು, ಅಲ್ಲಿಂದ ಬೆವೆಲ್, ಆಮೇಲೆ ಹಲಗೆ. ಒಂದೊಂದು ಕೈ ಬದಲಾದಾಗಲೂ ಒಂದಿಷ್ಟು ಸೋರುತ್ತದೆ.

ಹಲಗೆ ಉಳಿಸುವ ದಾರಿ ಇದೆ, ಚಿಂತೆ ಮಾಡಬೇಡ. ಮೊದಲು ಗೋಡೆಗೆ ತೂಗುಗುಂಡು ಬಿಟ್ಟು ಎಷ್ಟು ವಾಲಿದೆ ಅಂತ ನೋಡಿ ಹೇಳು.

ಅಂಕಗಣಿತ, ಧಾರವಾಡ

ಉಳಿಬಾಚಿ ಅಣ್ಣಾವ್ರು ಹೇಳಿದ್ದಕ್ಕೆ ಲೆಕ್ಕವೂ ಹೊಂದುತ್ತದೆ. 500 ಆಳದ ಹಲಗೆಗೆ 31 ಡಿಗ್ರಿಯ ಓರೆ ಕೊಯ್ದರೆ ಮೇಲಂಚಿನ ಉದ್ದ ಸುಮಾರು 583 ಮಿ.ಮೀ. ಆಗುತ್ತದೆ. ಅಷ್ಟು ಉದ್ದಕ್ಕೆ ಒಂದೇ ಒಂದು ಡಿಗ್ರಿ ತಪ್ಪಿದರೆ 10 ಮಿ.ಮೀ. ಸಂದು. ನಿಮ್ಮ ಸಂದೂ ಅಷ್ಟೇ ಇದೆ. ಹಾಗಾದರೆ ಗೋಡೆ 1 ಡಿಗ್ರಿ ವಾಲಿರಬೇಕು, ಅಂದರೆ 1 ಮೀಟರ್ ಎತ್ತರಕ್ಕೆ 17 ಮಿ.ಮೀ. ಚಿಲ್ಲರೆ. ಗುಂಡು ಬಿಟ್ಟು ನೋಡ್ರಿ.

ಇನ್ನೊಂದು ಮಾತು, ಇದು ನನಗೆ ಬಹಳ ಖುಷಿ ಕೊಟ್ಟಿತು. 31 ಡಿಗ್ರಿ ಅಂದರೆ 5ಕ್ಕೆ 3 ಏರು. 5 ಅಡಿ ಒಳಕ್ಕೆ ಹೋದರೆ 3 ಅಡಿ ಮೇಲಕ್ಕೆ. ಲೆಕ್ಕ ಮಾಡಿದರೆ 30.96 ಬರುತ್ತದೆ. ನಿಮ್ಮ ಅಜ್ಜನ ಮನೆ ಕಟ್ಟಿದವರು ಡಿಗ್ರಿ ನೋಡಿರಲಿಕ್ಕಿಲ್ಲ, ಒಂದು ಕೋಲಿನಲ್ಲಿ ಐದು ಅಳತೆ, ಮೂರು ಅಳತೆ ಹಾಕಿ ಮಾಡು ಎತ್ತಿರಬೇಕು.

ಎಲ್ಲಾ ಸಲವೂ ನಕಲು ಮಾಡಲು ಮೂಲ ಇರುವುದಿಲ್ಲ, ಕೆಲವೊಮ್ಮೆ ಅಂಕಿಯಿಂದಲೇ ಶುರು ಮಾಡಬೇಕಾಗುತ್ತದೆ. ಆಗಲೂ ಶಾಲೆಯ ಪ್ಲಾಸ್ಟಿಕ್ ಕೋನಮಾಪಕ ಬೇಡ, ಅದು ತೀರಾ ಚಿಕ್ಕದು. ನೇರ ಅಂಚಿನ ಹಲಗೆ ತಗೊಳ್ಳಿ. ಮೂಲೆಮಟ್ಟದಿಂದ ಅಂಚಿಗೆ ಲಂಬವಾಗಿ 100 ಮಿ.ಮೀ. ಗೆರೆ ಹಾಕಿ. ಗೆರೆಯ ತುದಿಯಿಂದ ಪಕ್ಕಕ್ಕೆ, ಅಂಚಿಗೆ ಸಮಾನಾಂತರವಾಗಿ, 15 ಡಿಗ್ರಿ ಬೇಕಾದರೆ 26.8, 22.5 ಬೇಕಾದರೆ 41.4, 30 ಬೇಕಾದರೆ 57.7 ಮಿ.ಮೀ. ಗುರುತು ಮಾಡಿ. ಆ ಗುರುತನ್ನೂ ಗೆರೆಯ ಬುಡವನ್ನೂ ಕೂಡಿಸಿದರೆ ಲಂಬದಿಂದ ಅಷ್ಟು ಡಿಗ್ರಿ ವಾಲಿದ ಗೆರೆ ಸಿಗುತ್ತದೆ. ಬೆವೆಲ್‌ನ ಹಿಡಿಯನ್ನು ಅಂಚಿಗೆ ಒತ್ತಿ ಪಟ್ಟಿಯನ್ನು ಆ ಗೆರೆಗೆ ಮಲಗಿಸಿ. ಜಾಗ ಇದ್ದರೆ 100ರ ಬದಲು 200 ಹಾಕಿ, ಎಲ್ಲವನ್ನೂ ದುಪ್ಪಟ್ಟು ಮಾಡಿ. ಉದ್ದ ಹೆಚ್ಚಿದಷ್ಟೂ ಪೆನ್ಸಿಲ್ ಮೊನೆಯ ದಪ್ಪದ ತಪ್ಪು ಕಡಿಮೆಯಾಗುತ್ತದೆ.

ಡವ್‌ಟೇಲ್ (ಪಾರಿವಾಳದ ಬಾಲದ ಆಕಾರದ ಮೂಲೆ ಜೋಡಣೆ) ಮಾಡುವವರು ಇದನ್ನು ಮೊದಲಿಂದಲೂ ಬಲ್ಲರು. ಮೆದು ಮರಕ್ಕೆ 6ಕ್ಕೆ 1, ಗಟ್ಟಿ ಮರಕ್ಕೆ 8ಕ್ಕೆ 1 ಅಂತ ಹೇಳುತ್ತಾರೆಯೇ ಹೊರತು 9.5 ಡಿಗ್ರಿ, 7 ಡಿಗ್ರಿ ಅಂತ ಹೇಳುವುದಿಲ್ಲ.

ಡಿಜಿಟಲ್ ಮಟ್ಟ, ಮಂಗಳೂರು

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ನಾನು ಒಳಾಂಗಣದ ಕೆಲಸ ಮಾಡಿಸುವವನು, ದಿನಕ್ಕೆ ಇಪ್ಪತ್ತು ಕಡೆ ಓರೆ ನೋಡಬೇಕು. ಡಿಜಿಟಲ್ ಗೇಜ್ ಇಲ್ಲದೆ ನಮಗೆ ಆಗುವುದಿಲ್ಲ. ಅಯಸ್ಕಾಂತ ಇರುವ ಚೌಕದ ಗೇಜ್ ಸಿಗುತ್ತದೆ, ಅದನ್ನು ಮೊದಲು ಗೋಡೆಗೆ ಹಿಡಿದು ಸೊನ್ನೆ ಒತ್ತಿ, ಆಮೇಲೆ ಪಕ್ಕಾಸಿಗೆ ಹಿಡಿದರೆ ಗೋಡೆಗೂ ಪಕ್ಕಾಸಿಗೂ ನಡುವಿನ ಕೋನವೇ ಬರುತ್ತದೆ. ಇವರು ಸೊನ್ನೆ ಮಾಡದೆ ಹಿಡಿದರು, ಅಷ್ಟೇ ಆಗಿರುವುದು. ಇದರಲ್ಲಿ ಉಪಕರಣದ ತಪ್ಪಿಲ್ಲ. ಗರಗಸದ ಮಷೀನಿನಲ್ಲಿ ಬ್ಲೇಡು ವಾಲಿಸುವಾಗ ಹೇಗೂ ಅಂಕಿ ಬೇಕೇ ಬೇಕು.

ಉಳಿಬಾಚಿ, ಹಾಸನ

ನೀವು ಹೇಳುವುದು ಸರಿ ಸ್ವಾಮಿ, ಸೊನ್ನೆ ಮಾಡಿಕೊಂಡರೆ ಅದೂ ಎರಡು ಮುಖದ ನಡುವಿನ ಕೋನವನ್ನೇ ಹೇಳುತ್ತದೆ. ಮಷೀನಿಗೆ ಹೊಂದಿಸಲು ಅದೇ ಸಲೀಸು, ಒಪ್ಪುತ್ತೇನೆ. ಆದರೆ ಜಂಬಿಟ್ಟಿಗೆ ಗೋಡೆಗೆ ಎರಡು ಇಂಚಿನ ಚೌಕ ಹಿಡಿದರೆ ಅದು ಗೋಡೆಯ ಓರೆ ಹೇಳುವುದಿಲ್ಲ, ಒಂದು ಕಲ್ಲಿನ ಓರೆ ಹೇಳುತ್ತದೆ.

ಈ ಮಾತು ಬೆವೆಲ್‌ಗೂ ಅನ್ವಯಿಸುತ್ತದೆ, ತಮ್ಮಾ ಗಮನಿಸು. ಆರಿಂಚಿನ ಹಿಡಿಯ ಕೆಳಗೆ ಒಂದು ತುದಿಗೆ ಬರೀ 1 ಮಿ.ಮೀ. ಗಾರೆಯ ಗುಬುಟು ಸಿಕ್ಕಿದರೂ ಓರೆ ಹಾಳು. ಒರಟು ಗೋಡೆಗೆ ಮೊದಲು ಮೂರಡಿಯ ನೇರ ಪಟ್ಟಿ ಒತ್ತಿಡು, ಆ ಪಟ್ಟಿಗೆ ಬೆವೆಲ್ ಹಿಡಿ.

ಅದಕ್ಕಿಂತ ಒಳ್ಳೆಯದು, ದೊಡ್ಡ ಬೆವೆಲ್ ನೀನೇ ಮಾಡಿಕೋ. ಎರಡೆರಡು ಅಡಿಯ ಎರಡು ರೀಪು ತಗೋ, ತೋಪಡ ಹೊಡೆದು ಅಂಚು ನೇರ ಮಾಡು. ತುದಿಯಲ್ಲಿ ಒಂದು ತೂತು, ಬೋಲ್ಟು, ಎರಡು ಕಡೆ ವಾಷರು, ಚಿಟ್ಟೆ ನಟ್. ಬೋಲ್ಟು ತೂತಿನಲ್ಲಿ ಬಿಗಿಯಾಗಿ ಕೂರಬೇಕು, ಗಡಗಡ ಅನ್ನಬಾರದು. ಮಾಡಿನ ಕೆಲಸಕ್ಕೆ ಹೋಗುವ ಬಡಗಿಗಳು ಇಂಥದ್ದನ್ನು ಅಲ್ಲೇ ಕೂತು ಮಾಡಿಕೊಳ್ಳುತ್ತಿದ್ದರು.

ಇನ್ನೊಂದು. ಬೆವೆಲ್ ನೇರಕ್ಕೆ ನೇರ ಜೋಡಿಸುತ್ತದೆ. ಗೋಡೆ ಹೊಟ್ಟೆ ಬಿಟ್ಟಿದ್ದರೆ ಅದು ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಆಗ ಹಲಗೆಯನ್ನು ಗೋಡೆ ಪಕ್ಕ ನಿಲ್ಲಿಸಿ, ಕಂಪಾಸಿನ ಒಂದು ಕಾಲು ಗೋಡೆಗೆ, ಇನ್ನೊಂದು ಕಾಲಿನ ಪೆನ್ಸಿಲ್ ಹಲಗೆಗೆ ಇಟ್ಟು ಮೇಲಿಂದ ಕೆಳಗೆ ಎಳೆದು ಗೋಡೆಯ ಉಬ್ಬುತಗ್ಗನ್ನೇ ಹಲಗೆಗೆ ಇಳಿಸಬೇಕು.

ತೋಟದಮನೆ, ಶಿರಸಿ ಹತ್ತಿರ

ಅಣ್ಣಾ, ಸರ್, ಅಕ್ಕ, ಎಲ್ಲರಿಗೂ ತುಂಬಾ ಧನ್ಯವಾದ. ಈಗಷ್ಟೇ ಗುಂಡು ಬಿಟ್ಟು ನೋಡಿದೆ. 1 ಮೀಟರಿಗೆ 17 ಮಿ.ಮೀ. ಹೊರಕ್ಕೆ ವಾಲಿದೆ. ಅಂಕಗಣಿತ ಸರ್ ಹೇಳಿದ ಅಂಕಿಯೇ. ಅಮ್ಮನನ್ನು ಕರೆದು ತೋರಿಸಿದೆ. ರಸಮಟ್ಟ ನೆಲಕ್ಕೂ ಇಟ್ಟೆ, ನೆಲ ಮಟ್ಟವಾಗಿಯೇ ಇದೆ. ಇಷ್ಟು ವರ್ಷ ಆ ಗೋಡೆ ಪಕ್ಕದಲ್ಲೇ ಮಲಗಿದ್ದೇವೆ, ಯಾರಿಗೂ ಗೊತ್ತಿರಲಿಲ್ಲ.

ಹಲಗೆ ಉಳಿಸುವ ದಾರಿ ಹೇಳಿ ಅಣ್ಣಾ.

ಉಳಿಬಾಚಿ, ಹಾಸನ

ಗೋಡೆಯ ವಿಷಯ ಮೊದಲು. ಹೊರಗಿನಿಂದ ನೋಡು, ಬಿರುಕು ಇದೆಯಾ? ಇದ್ದರೆ ಅದರ ಎರಡೂ ತುದಿಗೆ ಪೆನ್ಸಿಲ್ ಗುರುತು ಹಾಕಿ ಇಂದಿನ ತಾರೀಕು ಬರೆದಿಡು. ಮಳೆಗಾಲ ಕಳೆದ ಮೇಲೆ ಗುರುತು ದಾಟಿ ಹೋಗಿದ್ದರೆ ಕಪಾಟಿನ ಕೆಲಸ ಬಿಟ್ಟು ಮನೆ ಕೆಲಸ ಗೊತ್ತಿರುವವರನ್ನು ಕರೆಸು. ಬಿರುಕಿಲ್ಲದಿದ್ದರೆ ಆ ವಾಲು ಹಳೆಯದಿರಬಹುದು, ನಿಂತಿರಲೂಬಹುದು. ಆದರೂ ಗುಂಡಿನ ಅಳತೆ ಬರೆದಿಟ್ಟುಕೊಂಡು ಮುಂದಿನ ವರ್ಷ ಇನ್ನೊಮ್ಮೆ ನೋಡು.

ಈಗ ಹಲಗೆ. ಗೋಡೆಗೂ ಪಕ್ಕಾಸಿಗೂ ನಡುವಿನ ಓರೆಯನ್ನು ದೊಡ್ಡ ಬೆವೆಲ್‌ನಲ್ಲಿ ಎತ್ತಿಕೋ. ಹಿಡಿಯನ್ನು ಹಲಗೆಯ ಹಿಂದಿನ ಅಂಚಿಗೆ ಇಡು, ಯಾಕೆಂದರೆ ಗೋಡೆಗೆ ತಾಗುವುದು ಆ ಅಂಚು. ಹಿಂದಿನ ಮೇಲ್ಮೂಲೆಯಿಂದ ಗೆರೆ ಎಳೆ. ಮುಂದಿನ ತುದಿಯಲ್ಲಿ ಹತ್ತು ಮಿ.ಮೀ., ಹಿಂದೆ ಸೊನ್ನೆ, ಇಷ್ಟು ಉದ್ದನೆಯ ಚೂಪು ಚೂರು ಹೋಗುತ್ತದೆ. ಗರಗಸ ಬೇಡ, ತೋಪಡದಲ್ಲೇ ಇಳಿಸು. ಆಗ ಮೇಲಂಚು ಪಕ್ಕಾಸಿಗೆ ಒಂದೇ ಸಮ ಆಗುತ್ತದೆ, ಆದರೆ ಇಡೀ ಹಲಗೆ ಹನ್ನೆರಡು ಮಿ.ಮೀ.ಯಷ್ಟು ಗಿಡ್ಡ. ಅದನ್ನು ಬುಡದಲ್ಲಿ ತುಂಬು. ಅಡಿಗೆ ಒಂದು ಪಟ್ಟಿ ಕೊಡು, ಹಿಂದೆ ತೆಳು, ಮುಂದೆ ದಪ್ಪ. ಬುಡದ ಮೂಲೆ ಎದ್ದಿದೆಯಲ್ಲ, ಅದೂ ಅಲ್ಲೇ ಸರಿಯಾಗುತ್ತದೆ. ಮುಂದೆ ಅಡ್ಡಪಟ್ಟಿ ಹೊಡೆದರೆ ಅಡಿಯ ತುಂಡು ಕಾಣುವುದೇ ಇಲ್ಲ.

ಎಡದ ಹಲಗೆಗೂ ಬಲದ ಹಲಗೆಗೂ ಬೆವೆಲ್ ಸಡಿಲ ಮಾಡಿ ಮತ್ತೆ ಹೊಂದಿಸಬೇಡ. ಅದೇ ಬಿಗಿಯಲ್ಲಿ ಮಗುಚಿ ಹಿಡಿ. ಎರಡೂ ಹಲಗೆಯ ಒಳಮುಖಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡರೆ ಯಾವುದು ಯಾವ ಕಡೆ ಅಂತ ಗಲಿಬಿಲಿ ಆಗುವುದಿಲ್ಲ.

ಬಾಲ್ಕನಿ ಬಡಗಿ, ಬೆಂಗಳೂರು

ಒಂದು ಡಿಗ್ರಿ ಅಂದರೆ ಏನೂ ಅಲ್ಲ ಅಂತ ಅಂದುಕೊಳ್ಳುತ್ತೇವೆ. ನಾನು ಕನ್ನಡಿಗೆ ಎಂಟು ಮೂಲೆಯ ಚೌಕಟ್ಟು ಮಾಡಿದಾಗ ಕಾಲು ಡಿಗ್ರಿ ಕೂಡ ಏನು ಮಾಡುತ್ತದೆ ಅಂತ ಗೊತ್ತಾಯಿತು. ಎಂಟು ತುಂಡು, ಎರಡೆರಡು ತುದಿ, ಒಟ್ಟು 16 ಕೊಯ್ತ, ಒಂದೊಂದೂ 22.5 ಡಿಗ್ರಿ. ನನ್ನ ಓರೆ ಕಾಲು ಡಿಗ್ರಿ ಕಡಿಮೆ ಇತ್ತು. ಏಳು ಮೂಲೆ ಅಂಟಿಸುವ ತನಕ ಎಲ್ಲಾ ಚೆನ್ನಾಗಿತ್ತು. ಎಂಟನೆಯದಕ್ಕೆ 16 ಕಾಲು ಡಿಗ್ರಿಗಳೂ ಸೇರಿ 4 ಡಿಗ್ರಿ ಆಯಿತು. 40 ಮಿ.ಮೀ. ಅಗಲದ ಪಟ್ಟಿಯಲ್ಲಿ ಹೆಚ್ಚುಕಡಿಮೆ 3 ಮಿ.ಮೀ. ಬಾಯಿ ಬಿಟ್ಟುಕೊಂಡಿತು. ಆವತ್ತಿನಿಂದ ಎಲ್ಲಾ ತುಂಡುಗಳನ್ನೂ ಮೊದಲು ಅಂಟಿಲ್ಲದೆ ಜೋಡಿಸಿ ಸುತ್ತ ಟೇಪ್ ಹಾಕಿ ನೋಡುತ್ತೇನೆ, ಸಂದು ಬಂದರೆ ಬೆವೆಲ್‌ನಲ್ಲಿ ಓರೆಯನ್ನೇ ಒಂದು ಕೂದಲು ಬದಲಿಸಿ ಎಲ್ಲವನ್ನೂ ಮತ್ತೆ ಸವರುತ್ತೇನೆ.

ಹೊಸದು ಕೊಳ್ಳುವವರಿಗೆ ನನ್ನ ಸಲಹೆ: ನಟ್ಟು ಪಕ್ಕಕ್ಕೆ ಚಾಚಿಕೊಂಡಿರುವುದಕ್ಕಿಂತ ಹಿಡಿಯ ಬುಡದಲ್ಲಿ ಬಿಗಿ ಮಾಡುವಂಥದ್ದು ನೋಡಿ. ಚಿಟ್ಟೆ ನಟ್ ಹಲಗೆಗೆ ತಾಗಿ ಗೇಜನ್ನು ಎತ್ತಿಹಿಡಿಯುವ ತೊಂದರೆ ಇರುವುದಿಲ್ಲ. ಹಳೆಯದಾದರೂ ಪರವಾಗಿಲ್ಲ ಅನ್ನುವವರು ಚಿಕ್ಕಪೇಟೆ ಕಡೆಯ ಸಂಡೇ ಬಜಾರಿನಲ್ಲಿ ಹಳೇ ಕಬ್ಬಿಣದ ಸಾಮಾನುಗಳ ನಡುವೆ ಹುಡುಕಿ, ನನಗೆ ಬೀಟೆ ಹಿಡಿಯದ್ದು ಅಲ್ಲೇ ಸಿಕ್ಕಿದ್ದು. ತುಕ್ಕು ಇದ್ದರೆ ಉಜ್ಜಬಹುದು, ಪಟ್ಟಿ ಬಾಗಿದ್ದರೆ ಮಾತ್ರ ಬೇಡ.

ಮೂರುಕಾಲು ಮಣೆ, ಸಾಗರ

ನಡುವೆ ಒಂದು ಪ್ರಶ್ನೆ ಹಾಕುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಸ್ಟೂಲಿನ ಕಾಲು ಮುಂದಕ್ಕೂ 10 ಡಿಗ್ರಿ, ಪಕ್ಕಕ್ಕೂ 10 ಡಿಗ್ರಿ ಚಾಚಬೇಕು. ತೂತು ಕೊರೆಯುವಾಗ ಎರಡು ಓರೆಯನ್ನು ಒಟ್ಟಿಗೆ ಹಿಡಿಯುವುದು ಹೇಗೆ? ಎರಡು ಬೆವೆಲ್ ಇಟ್ಟುಕೊಂಡು ಕೊರೆದೆ, ಒಂದನ್ನು ನೋಡುವಾಗ ಇನ್ನೊಂದು ತಪ್ಪುತ್ತದೆ.

ಅಂಕಗಣಿತ, ಧಾರವಾಡ

ಎರಡು ಓರೆ ಕೂಡಿ ಒಂದೇ ಓರೆ ಆಗುತ್ತದೆ, ದಿಕ್ಕು ಮಾತ್ರ ಮೂಲೆಯ ಕಡೆ ಇರುತ್ತದೆ. ಎರಡೂ 10 ಆದ್ದರಿಂದ ದಿಕ್ಕು ಸರಿಯಾಗಿ ನಡುವೆ, ಅಂದರೆ 45. ಆ ದಿಕ್ಕಿನಲ್ಲಿ ಓರೆ 20 ಅಲ್ಲ, 14 ಡಿಗ್ರಿ. ಮಣೆಯ ಮೇಲೆ ಕಾಲಿನ ತೂತಿನಿಂದ 45ಕ್ಕೆ ಒಂದು ಗೆರೆ ಹಾಕಿ. ಬೆವೆಲ್ ಅನ್ನು ಲಂಬದಿಂದ 14 ಡಿಗ್ರಿ ವಾಲಿಸಿ ಬಿಗಿ ಮಾಡಿ, ಹಿಡಿಯನ್ನು ಆ ಗೆರೆಯ ಮೇಲೆ ಕೂರಿಸಿ, ಪಟ್ಟಿ ಆಕಾಶಕ್ಕೆ ನಿಲ್ಲಲಿ. ಡ್ರಿಲ್ಲಿನ ಬಿಟ್ಟು ಪಟ್ಟಿಗೆ ಸಮಾನಾಂತರವಾಗಿ ಇಳಿಯಬೇಕು, ಅಷ್ಟೇ. ಗೆರೆಯಿಂದ ಆಚೀಚೆ ವಾಲದ ಹಾಗೆ ನೋಡಲು ಗೆರೆಯ ಮೇಲೆಯೇ ಒಂದು ಮೂಲೆಮಟ್ಟ ನಿಲ್ಲಿಸಿಕೊಳ್ಳಿ.

ಓರೆ ಬದಿಯ ಟ್ರೇ ಮಾಡುವವರೂ ಹೀಗೇ ಮೋಸ ಹೋಗುತ್ತಾರೆ. ಬದಿ 15 ಡಿಗ್ರಿ ಹೊರಕ್ಕೆ ಚಾಚಿದರೆ ಮೂಲೆಗೆ ಬ್ಲೇಡು 45 ಅಲ್ಲ, 43.1ಕ್ಕೆ ವಾಲಬೇಕು, ತುದಿಯ ಓರೆಯೂ 15 ಅಲ್ಲ, 14.5.

ಮೂರುಕಾಲು ಮಣೆ, ಸಾಗರ

ಆಹಾ, ಒಂದೇ ಬೆವೆಲ್ ಸಾಕಾಗುತ್ತದೆ ಅಂತ ಹೊಳೆದೇ ಇರಲಿಲ್ಲ. ಧನ್ಯವಾದ ಮೇಷ್ಟ್ರೇ. ಭಾನುವಾರ ಮಾಡಿ ನೋಡುತ್ತೇನೆ.

ತೋಟದಮನೆ, ಶಿರಸಿ ಹತ್ತಿರ

ಐದು ದಿನ ಆಯಿತು. ಕರೆಂಟ್ ಇರಲಿಲ್ಲ, ಅದಕ್ಕೇ ತಡ.

ಮೊದಲು ದೊಡ್ಡ ಬೆವೆಲ್ ಮಾಡಿದೆ. ಅಡಕೆ ಚಪ್ಪರಕ್ಕೆ ತಂದಿದ್ದ ರೀಪಿನಲ್ಲಿ ಎರಡು ನೇರ ತುಂಡು ಆರಿಸಿ ಅಂಚು ಸವರಿ, ಬೋಲ್ಟು ಹಾಕಿದೆ. ಒಂದನ್ನು ಗೋಡೆಗೆ ಒತ್ತಿ ಇನ್ನೊಂದನ್ನು ಪಕ್ಕಾಸಿಗೆ ಮಲಗಿಸಿ, ಹಿಂದಿನಿಂದ ತಂಗಿಯ ಹತ್ತಿರ ಟಾರ್ಚ್ ಹಿಡಿಸಿದೆ. ಮೊದಲು ಪಕ್ಕಾಸಿನ ಕಡೆ ಕೂದಲೆಳೆಯಷ್ಟು ಬೆಳಕು ಬಂತು, ತಟ್ಟಿದೆ, ಹೋಯಿತು. ಬಿಗಿ ಮಾಡಿದ ಮೇಲೆ ಮತ್ತೆ ಹಿಡಿದಾಗ ಪುನಃ ಬೆಳಕು. ಬಾಲ್ಕನಿ ಅಕ್ಕ ಹೇಳಿದ್ದು ಅಕ್ಷರಶಃ ಆಯಿತು. ನಟ್ಟಿನ ಕೆಳಗೆ ಹಳೇ ಚಪ್ಪಲಿಯ ಚರ್ಮದಿಂದ ಒಂದು ವಾಷರ್ ಕೊಯ್ದು ಹಾಕಿದ ಮೇಲೆ ಜಾರುವುದು ನಿಂತಿತು.

ಆಮೇಲೆ ಕುತೂಹಲಕ್ಕೆ ಆ ಓರೆಯನ್ನು ಕಾಗದದ ಮೇಲೆ ಇಳಿಸಿ ಅಳೆದೆ. 120. ನಾನು ಕೊಯ್ದಿದ್ದು 90ಕ್ಕೆ 31 ಕೂಡಿಸಿ 121ಕ್ಕೆ.

ಗೆರೆ ಹಾಕುವಾಗ ಪೆನ್ಸಿಲ್ ಬಿಟ್ಟು ಚಾಕು ಬಳಸಿದೆ. ಹಲಸಿನ ನಾರು ಅಡ್ಡಕ್ಕೆ ತುಂಡಾಗಿದ್ದರಿಂದ ತೋಪಡ ಹೊಡೆಯುವಾಗ ಅಂಚು ಸಿಗಿಯಲಿಲ್ಲ. ಮುಂದಿನ ತುದಿಯ ಮೂಲೆ ಮುರಿಯದಂತೆ ಅಲ್ಲಿಂದ ಒಳಕ್ಕೆ ಹೊಡೆಯುತ್ತಾ ಹೋದೆ. ಬುಡಕ್ಕೆ ಹಿಂದೆ 12, ಮುಂದೆ 21 ಮಿ.ಮೀ. ಇರುವ ಪಟ್ಟಿ ಕೊಟ್ಟೆ. ಎರಡನೇ ಹಲಗೆಗೆ ಬೆವೆಲ್ ಮಗುಚಿ ಹಿಡಿದೆ, ಒಂದೇ ಸಲಕ್ಕೆ ಕೂತಿತು. ಈಗ ಹಲಗೆಗೂ ಪಕ್ಕಾಸಿಗೂ ನಡುವೆ ಪೋಸ್ಟ್‌ಕಾರ್ಡ್ ತೂರಿಸಲು ನೋಡಿದೆ, ಹೋಗುತ್ತಿಲ್ಲ.

ಹೊರಗೆ ಬಿರುಕು ಏನೂ ಇಲ್ಲ ಅಣ್ಣಾ. ಗುಂಡಿನ ಅಳತೆಯನ್ನು ತಾರೀಕಿನ ಸಮೇತ ಕಪಾಟಿನ ಒಳಗೆ, ಎಡ ಹಲಗೆಯ ಮೇಲೆ ಬರೆದಿಟ್ಟಿದ್ದೇನೆ. ಅಮ್ಮ ತಾಮ್ರದ ಹಂಡೆ ತಂದು ಇಟ್ಟೂ ಆಯಿತು. ಇನ್ನು ಬಾಗಿಲು ಬಾಕಿ, ಅದರ ಮೇಲಂಚಿನ ದಪ್ಪವನ್ನೂ ಇದೇ ಓರೆಗೆ ಸವರಬೇಕು. ಬೆವೆಲ್ ಇನ್ನೂ ಸಡಿಲ ಮಾಡಿಲ್ಲ, ಹಾಗೇ ಮೊಳೆಗೆ ತೂಗು ಹಾಕಿದ್ದೇನೆ.

ಉಳಿಬಾಚಿ, ಹಾಸನ

ಚೆನ್ನಾಗಿ ಮಾಡಿದ್ದೀಯ ತಮ್ಮಾ. ಸಡಿಲ ಮಾಡದೆ ಇಟ್ಟಿದ್ದು ಒಳ್ಳೆಯದಾಯಿತು. ಆದರೂ ಆ ಓರೆಯನ್ನು ಒಂದು ತುಂಡು ಪ್ಲೈವುಡ್‌ಗೆ ಇಳಿಸಿ ಕೊಯ್ದಿಟ್ಟುಕೋ, ಯಾರಾದರೂ ಕೈ ತಾಗಿಸಿದರೆ ಮತ್ತೆ ಟಾರ್ಚ್ ಹಿಡಿಸಬೇಕಾಗುತ್ತದೆ.